ತಿಂದದ್ದು ಕುಡಿದದ್ದು ಎಲ್ಲ ಬಿಟ್ಟುಕೊಡಿ

ನಾನು ಹುಟ್ಟಾ ಹೆದರುಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕುಕ್ಕರ್ ಕೂಗುವ ಮುಂಚೆ ಅಡುಗೆಮನೆಯಿಂದ ಆಚೆ ಬಂದು ನಿಲ್ಲುವವಳು ನಾನು. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಯಾರೋ ಹೋಗಿಬಿಟ್ಟರು ಅಂದುಕೊಂಡೇ ಎತ್ತುವವಳು. ಹಿಂದೂಪುರದ ಹುಣಸೆಹಣ್ಣಿನ ಮಂಡಿಯಲ್ಲಿ ವ್ಯಾಪಾರ ಮಾಡುವ ನನ್ನ ಯಜಮಾನರು, "ನಿನ್ನ ಸಂಬಳ ಕೊಟ್ಟು ಹೆದ್ರೋಕೆ ಅಂತ ಯಾರಾದ್ರೂ ಇಟ್ಕಂಡವ್ರೇನೇ?" ಎಂದು ಗೇಲಿ ಮಾಡುತ್ತಾರೆ. ಮಾಡಲಿ. ಆ ಶನಿವಾರ ನಾನು ಹೆದರಿದ್ದೇ ಒಳ್ಳೆಯದಾಯಿತು ಎಂದು ಈಗ ಅವರೂ ಒಪ್ಪುತ್ತಾರೆ. ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ನಮ್ಮ ಮನೆಯ ಮಹಡಿಯಲ್ಲಿ ಆಗ ಆರು ಮಂದಿ ಮಲಯ ಹುಡುಗಿಯರು ಬಾಡಿಗೆಗಿದ್ದರು. ಊರಾಚೆಯ ಒಂದು ಕಾಲೇಜಿಗೆ ಮಲೇಷ್ಯಾದಿಂದ ಓದಲು ಬಂದವರು. ಇನ್ನೈದು ಮಂದಿ ಹುಡುಗರು ಬಸ್ ಸ್ಟ್ಯಾಂಡಿನ ಹತ್ತಿರ ಬೇರೆ ಮನೆ ಮಾಡಿಕೊಂಡಿದ್ದರು. ಹನ್ನೊಂದೇ ಜನ, ಆದರೆ ಅವರಿಗೊಂದು ಸಂಘ, ಆ ಸಂಘಕ್ಕೊಬ್ಬಳು ಅಧ್ಯಕ್ಷೆ. ಭಾನುವಾರ ಭಾನುವಾರ ನಮ್ಮ ಮನೆಯ ಮೇಲಿನ ತಾರಸಿಯಲ್ಲಿ ಸೇರುತ್ತಿದ್ದರು. ಅವತ್ತು ಇಂಗ್ಲಿಷ್ ಆಡಕೂಡದು, ಪ್ಯಾಂಟು ಹಾಕಕೂಡದು. ಹುಡುಗಿಯರು ಮಂಡಿಯವರೆಗಿನ ಉದ್ದನೆಯ ಅಂಗಿ, ಕೆಳಗೆ ಲಂಗ, ತಲೆಗೆ ಬಟ್ಟೆ, ಹುಡುಗರು ಪಂಚೆ. ಎಲ್ಲರೂ ಚಾಪೆ ಹಾಸಿ ಕೂತು ಈರುಳ್ಳಿ ಹೆಚ್ಚಿ, ಒಣಮೆಣಸಿನಕಾಯಿ ರುಬ್ಬಿ, ತೆಂಗಿನ ಹಾಲಿನಲ್ಲಿ ಅನ್ನ ಮಾಡಿ, ಒಟ್ಟಿಗೆ ಕೈಯಲ್ಲಿ ಉಣ್ಣುತ್ತಿದ್ದರು. ಕೈಯಲ್ಲಿ ಉಣ್ಣುವುದನ್ನು ನೋಡಿದ ದಿನವೇ ಅವರ ಬಗ್ಗೆ ನನಗಿದ್ದ ಅರ್ಧ ಭಯ ಹೋಯಿತು.

ಬೀದಿಯವರು ಮಾತ್ರ ಕೇಳುತ್ತಿದ್ದರು, ಇದೇನು ಟೀಚರಮ್ಮ, ಹನ್ನೊಂದು ಜನಕ್ಕೊಂದು ಸಂಘವಾ ಎಂದು. ನನಗೆ ನಗು ಬರುತ್ತಿತ್ತು. ನಾನು ಆಂಧ್ರದಲ್ಲಿ ಕೂತು ಕನ್ನಡ ಶಾಲೆಯಲ್ಲಿ ಪಾಠ ಹೇಳುವವಳು. ಬೀದಿಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ, ಆಫೀಸಿಗೆ ಹೋದರೆ ಎರಡೂ ಅಲ್ಲದ್ದು. ನಮ್ಮ ತರಗತಿಯಲ್ಲೂ ಒಂದೊಂದು ವರ್ಷ ಹನ್ನೊಂದು ಮಕ್ಕಳೇ ಇರುತ್ತಾರೆ. ಹನ್ನೊಂದು ಜನ ಯಾಕೆ ಒಟ್ಟಿಗೆ ಕೂರುತ್ತಾರೆ ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವರೆಲ್ಲ ನನ್ನನ್ನು ಮಕ್ಚಿಕ್ ಎನ್ನುತ್ತಿದ್ದರು. ನಾವು ಚಿಕ್ಕಮ್ಮ ಅಂದ ಹಾಗೆ. ಎಲ್ಲರೂ ಎರಡನೆಯ ವರ್ಷದವರೇ, ಅವರಲ್ಲಿ ವಯಸ್ಸಿಗೆ ಎಲ್ಲರಿಗಿಂತ ಚಿಕ್ಕವಳೊಬ್ಬಳಿದ್ದಳು. ದುಂಡು ಮುಖ, ದಪ್ಪ ಕನ್ನಡಕ, ಮಾತು ಕಡಿಮೆ. ಸಂಜೆ ನಾನು ಚಪಾತಿ ಲಟ್ಟಿಸುತ್ತಿದ್ದರೆ ಸುಮ್ಮನೆ ಬಂದು ಬಾಗಿಲ ಹತ್ತಿರ ಕೂರುತ್ತಿದ್ದಳು, ಒಂದು ಕೊಟ್ಟರೆ ತಿನ್ನುತ್ತಿದ್ದಳು. ಕನ್ನಡ, ತೆಲುಗು, ಇಂಗ್ಲಿಷು ಮೂರನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿದ ಹಾಗಿತ್ತು ಅವಳ ಭಾಷೆ. ನಾವಾಡುವುದೂ ಅದೇ ಅಲ್ಲವೇ, ನನಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

ಪರೀಕ್ಷೆಗೆ ಇನ್ನೊಂದು ವಾರ ಇದ್ದಾಗ ಸಂಘದವರು ವರ್ಷದ ಊಟ ಇಟ್ಟುಕೊಂಡರು. ಮಾಂಸದ ತುಂಡುಗಳನ್ನು ಕಡ್ಡಿಗೆ ಚುಚ್ಚಿ ಸುಟ್ಟು ಕಡಲೆಕಾಯಿಯ ಗೊಜ್ಜಿನಲ್ಲಿ ಅದ್ದಿ ತಿನ್ನುವುದು ಅವರ ದೊಡ್ಡ ಅಡುಗೆ. ನಾನು ಸುಮ್ಮನಿರಲಾರದೆ, ಕಡಲೆಕಾಯಿ ಅಂದರೆ ನಮ್ಮ ತವರಿನ ಕಡೆಯದು, ಕಲ್ಯಾಣದುರ್ಗದ್ದು, ಹಿಂದೂಪುರದ ಅಂಗಡಿಯದೂ ಒಂದು ಕಡಲೆಕಾಯಿಯಾ ಎಂದು ಕೊಚ್ಚಿಕೊಂಡೆ. ನನ್ನ ತಮ್ಮನಿಗೆ ಕಲ್ಯಾಣದುರ್ಗದಲ್ಲಿ ಕಡಲೆಕಾಯಿ ಸಿಪ್ಪೆ ತೆಗೆಯುವ ಮಿಷನ್ ಇದೆ. ಓದಿ ಓದಿ ತಲೆ ಕೆಟ್ಟಿದೆ, ಒಂದು ದಿನ ಹೋಗಿ ನಾವೇ ತರುತ್ತೇವೆ ಅಂತ ಎಲ್ಲರೂ ಕುಣಿದರು. ಶನಿವಾರ ಬೆಳಗ್ಗೆ ಆರೂವರೆಯ ಬಸ್ಸಿಗೆ ಹತ್ತು ಜನ ಹೊರಟರು. ಚಿಕ್ಕವಳು ತಲೆನೋವು ಎಂದು ಉಳಿದಳು.

ನನಗೆ ಅವತ್ತು ರಜೆ. ಉತ್ತರ ಪತ್ರಿಕೆಗಳನ್ನು ಹರಡಿಕೊಂಡು ಕೂತಿದ್ದೆ. ಒಂಬತ್ತು ಗಂಟೆಗೆ ಅವಳು ಕೆಳಗೆ ಬಂದಳು. ಭಾನುವಾರ ಉಡುವ ನೀಲಿ ಬಟ್ಟೆ ಉಟ್ಟಿದ್ದಳು, ಮುಖ ತೊಳೆದು ಚೊಕ್ಕಟವಾಗಿದ್ದಳು. ನಾನು ಯಾವಾಗಲೋ ಉಪ್ಪಿನಕಾಯಿ ಹಾಕಿ ಕೊಟ್ಟಿದ್ದ ಸ್ಟೀಲ್ ಡಬ್ಬಿಯನ್ನು ಬೆಳಗಿ ತಂದು ಮುಂದಿಟ್ಟಳು. ಆಮೇಲೆ ಮಂಡಿಯೂರಿ ಕೂತು ನನ್ನ ಎರಡೂ ಕೈ ಹಿಡಿದು, ಹಣೆಗೊತ್ತಿಕೊಂಡು, ಹೇಳಿದಳು.

"ಮಕ್ಚಿಕ್, ನಾನು ಏನ್ ತಪ್ಪು ಮಾಡಿದ್ರೂ ಕ್ಷಮಿಂಚಂಡಿ. ಕಾಣೋ ತಪ್ಪು, ಮನಸಲ್ಲಿರೋ ತಪ್ಪು, ಎಲ್ಲಾ. ನಿಮ್ ಮನೇಲಿ ತಿಂದಿದ್ದು, ಕುಡ್ದಿದ್ದು, ಎಲ್ಲಾ ನಂಗೆ ಬಿಟ್ಟುಕೊಡಿ."

"ಅಯ್ಯೋ ಹುಚ್ಚಿ, ಚಪಾತಿಗೆಲ್ಲ ಯಾರು ಲೆಕ್ಕ ಇಟ್ಟವ್ರೆ? ಏಳು ಮೇಲೆ," ಎಂದೆ ನಾನು. "ಎಲ್ಲಿಗೆ ಹೊರಟೆ?"

ಡಬ್ಬಿಯ ಮುಚ್ಚಳ ಸರಿಮಾಡಿದಳು. "ಕಲ್ಯಾಣದುರ್ಗ," ಎಂದಳು.

"ತಲೆನೋವು ಹೋಯ್ತಾ?"

"ಹೋಯ್ತು ಮಕ್ಚಿಕ್."

ಹೋಗಿಬಿಟ್ಟಳು. ನಾನು ಪತ್ರಿಕೆ ತಿದ್ದುತ್ತಾ ಕೂತೆ. ನಾಲ್ಕು ಪತ್ರಿಕೆ ತಿದ್ದಿರಬೇಕು. ಐದನೆಯದಕ್ಕೆ ಬರುವಷ್ಟರಲ್ಲಿ ಕೈ ನಿಂತಿತು. ತಿಂದದ್ದು ಕುಡಿದದ್ದು ಬಿಟ್ಟುಕೊಡಿ ಅಂದರೆ ಏನು? ನಮ್ಮಲ್ಲಿ ಆ ಮಾತು ಯಾರು ಆಡುತ್ತಾರೆ? ಹಿಂದಿನ ಕಾಲದಲ್ಲಿ ಕಾಶಿಗೆ ಹೊರಟವರು ಆಡುತ್ತಿದ್ದರು, ವಾಪಸ್ಸು ಬರುತ್ತೇವೋ ಇಲ್ಲವೋ ಅಂತ. ಇಲ್ಲವೇ ಹಾಸಿಗೆ ಹಿಡಿದವರು ಆಡುತ್ತಾರೆ. ಅನ್ನದ ಋಣ ತೀರಿತು ಅಂತ ನಾವು ಹೇಳುವುದು ಸತ್ತವರ ಬಗ್ಗೆ. ಈ ಇಪ್ಪತ್ತು ವರ್ಷದ ಹುಡುಗಿ ಶನಿವಾರ ಬೆಳಗ್ಗೆ ಒಳ್ಳೆಯ ಬಟ್ಟೆ ಉಟ್ಟು, ಡಬ್ಬಿ ಬೆಳಗಿಟ್ಟು, ಆ ಮಾತಾಡಿ ಹೋದಳಲ್ಲ!

ಮೇಲಕ್ಕೆ ಓಡಿದೆ. ಬೇರೆ ಐದು ಮಂಚಗಳ ಮೇಲೆ ಪುಸ್ತಕ, ಟವೆಲ್, ಬಿಸ್ಕತ್ ಪೊಟ್ಟಣ, ಎಲ್ಲ ಚೆಲ್ಲಾಪಿಲ್ಲಿ. ಅವಳ ಮಂಚದ ಮೇಲೆ ಹಾಸಿಗೆ ಸುತ್ತಿಟ್ಟಿತ್ತು. ಗೂಡು ಖಾಲಿ. ನೆಲ ಕೂಡ ಒರೆಸಿದ್ದಳು.

ಅವಳಿಗೆ ಫೋನ್ ಮಾಡಿದೆ, ಸ್ವಿಚ್ ಆಫ್. ಅಧ್ಯಕ್ಷೆಗೆ ಮಾಡಿದೆ, ಹೋಗುತ್ತಿತ್ತು, ಎತ್ತಲಿಲ್ಲ. ತಮ್ಮನಿಗೆ ಮಾಡಿದೆ, ಎತ್ತಲಿಲ್ಲ. ಮಿಷನ್ ಓಡುವಾಗ ಅವನ ಕಿವಿಗೆ ಸಿಡಿಲು ಹೊಡೆದರೂ ಕೇಳಿಸದು. ಯಜಮಾನರಿಗೆ ಮಾಡಿದೆ. "ಅವ್ರ ಕಡೆ ಏನೋ ಪದ್ಧತಿ ಇರ್ತೈತೆ ಬಿಡೇ. ಹೋಗೋವಾಗ ನಮಸ್ಕಾರ ಮಾಡಿ ಹೋಗವ್ಳೆ, ಅದ್ಕೂ ನಿಂಗೆ ಭಯನಾ? ಇಲ್ಲಿ ಹರಾಜು ನಡೀತೈತೆ, ಆಮೇಲ್ ಮಾಡ್ತೀನಿ," ಅಂದು ಇಟ್ಟುಬಿಟ್ಟರು. ನನಗೆ ಎಲ್ಲಿಲ್ಲದ ಕೋಪ ಬಂತು. ಫೋನನ್ನು ಮೇಜಿನ ಮೇಲೆ ಕುಕ್ಕಿ, ಪರ್ಸು ಎತ್ತಿಕೊಂಡು, ಮನೆಗೆ ಬೀಗ ಹಾಕಿ ಆಟೋ ಹತ್ತಿದೆ. ಫೋನು ಮೇಜಿನ ಮೇಲೆಯೇ ಉಳಿದದ್ದು ಗೊತ್ತಾದದ್ದು ಬಸ್ ಸ್ಟ್ಯಾಂಡಿನಲ್ಲಿ.

ಅಲ್ಲಿನ ಕಂಟ್ರೋಲರ್ ನಮ್ಮ ಶಾಲೆಯ ಮಗುವೊಂದರ ಅಪ್ಪ. ತಲೆಗೆ ನೀಲಿ ಬಟ್ಟೆ, ಕನ್ನಡಕ, ಹೊರದೇಶದ ಹುಡುಗಿ ಎಂದೆ. "ಆ ಪಾಪನಾ? ರೋಜೂ ಇಕ್ಕಡೇ ಕೂರ್ಚುಂಟುಂದಿ ಕದಮ್ಮಾ," ಎಂದ. ಆ ಹುಡುಗಿಯಾ, ದಿನಾ ಇಲ್ಲೇ ಕೂತಿರುತ್ತಾಳಲ್ಲ ಅಂತ. ಇವನು ಯಾರನ್ನೋ ನೋಡಿ ಯಾರನ್ನೋ ಹೇಳುತ್ತಿದ್ದಾನೆ ಅಂತ ನನಗೆ ಇನ್ನೂ ಗಾಬರಿ. "ದಿನಾ ಅಲ್ಲಪ್ಪ, ಇವತ್ತು! ಇವತ್ತು ಕಂಡ್ಯಾ?" ಎಂದು ಕಿರುಚಿದೆ. ಒಂದು ಗಂಟೆ ಬೆಂಚಿನ ಮೇಲೆ ಕೂತಿದ್ದು ಹತ್ತೂವರೆಯ ಕಲ್ಯಾಣದುರ್ಗದ ಬಸ್ಸು ಹತ್ತಿದಳಂತೆ. ನಾನು ಬಂದದ್ದು ಹತ್ತೂ ಮುಕ್ಕಾಲಿಗೆ. ಮುಂದಿನ ಬಸ್ಸು ಹನ್ನೊಂದೂವರೆಗೆ. ಆ ಮುಕ್ಕಾಲು ಗಂಟೆ ನಾನು ಕೂತೆನೋ ನಿಂತೆನೋ ನೆನಪಿಲ್ಲ. ಎಡಗಾಲಿಗೆ ನನ್ನ ಚಪ್ಪಲಿ, ಬಲಗಾಲಿಗೆ ಯಜಮಾನರದು ಹಾಕಿಕೊಂಡು ಬಂದಿದ್ದೆ.

ಮಡಕಶಿರಾ, ಪಾವಗಡದ ಮೇಲೆ ಹೋಗುವ ಬಸ್ಸು. ಮೂರೂವರೆ ಗಂಟೆಯ ದಾರಿ, ಎಲ್ಲೆಲ್ಲೂ ನಿಲ್ಲುತ್ತದೆ. ತವರಿಗೆ ಹೋಗುವ ಆ ದಾರಿಯನ್ನು ನಾನು ಎಷ್ಟು ಸಲ ಖುಷಿಯಿಂದ ನೋಡಿಲ್ಲ! ಅವತ್ತು ಒಂದೊಂದು ಬಾವಿ ಕಂಡಾಗಲೂ ಜೀವ ಬಾಯಿಗೆ ಬರುತ್ತಿತ್ತು. ದಾರಿಯಲ್ಲಿ ನಾಲ್ಕು ಜನ ಗುಂಪು ನಿಂತಿದ್ದರೆ ಎದ್ದು ನಿಂತು ಕಿಟಕಿಯಿಂದ ನೋಡುತ್ತಿದ್ದೆ. ಟಿಕೆಟ್ಟು ಕಲ್ಯಾಣದುರ್ಗಕ್ಕೆ ತಗೊಂಡು ನಡುವೆ ಎಲ್ಲಾದರೂ ಇಳಿದುಬಿಟ್ಟಿದ್ದರೆ? ಪಾವಗಡದಲ್ಲಿ ಕಂಡಕ್ಟರ್, "ಯಾಕಮ್ಮ, ಹೊಟ್ಟೆ ತೊಳಸ್ತೈತಾ? ಮುಂದ್ಗಡೆ ಕೂತ್ಕಳಿ," ಎಂದ. ಇಲ್ಲಪ್ಪ ಎಂದೆ. ಯಾರಿಗೆ ಹೇಳುವುದು? ಏನಂತ ಹೇಳುವುದು? ಒಂದು ಹುಡುಗಿ ನನ್ನ ಕೈ ಹಿಡಿದು ಕ್ಷಮಿಸಿ ಅಂದಳು ಅಂತಲೇ? ಕೇಳಿದವರು ನಗುತ್ತಾರೆ. ಮನಸ್ಸಿನಲ್ಲಿ ಅವಳಿಗೆ ಬೈದೆ, ನನಗೆ ಬೈದುಕೊಂಡೆ, ಹರಾಜು ಮಾಡುತ್ತಾ ಕೂತ ಗಂಡನಿಗೆ ಬೈದೆ. ಏಳು ಮೇಲೆ ಅಂತ ತಮಾಷೆ ಮಾಡಿ ಕಳಿಸಿದೆನಲ್ಲ, ಆ ಕೈ ಬಿಡಬಾರದಿತ್ತು ಅನ್ನಿಸಿ ಅಳು ಬಂತು. ಪಕ್ಕದ ಸೀಟಿನ ಅಜ್ಜಿ ಏನೂ ಕೇಳದೆ ಎಲೆ ಅಡಿಕೆ ಕೊಟ್ಟರು. ಹಾಕಿಕೊಂಡೆ.

ಕಲ್ಯಾಣದುರ್ಗದಲ್ಲಿ ಇಳಿದಾಗ ಮೂರು ಗಂಟೆ. ಮಿಷನ್ನಿಗೆ ಆಟೋದಲ್ಲಿ ಐದು ನಿಮಿಷ. ಆಟೋದವನು ಚಿಲ್ಲರೆ ಹುಡುಕುತ್ತಿದ್ದ, ಬೇಡ ಕಣಪ್ಪ ಎಂದು ಒಳಗೆ ನುಗ್ಗಿದೆ. ಅಂಗಳದಲ್ಲಿ ಕಡಲೆಕಾಯಿಯ ರಾಶಿ, ಸುತ್ತ ಹತ್ತು ಜನ ಕೂತು ಬಿಡಿಸಿ ಬಿಡಿಸಿ ತಿನ್ನುತ್ತಿದ್ದರು. ಎಣಿಸಿದೆ. ಹತ್ತಲ್ಲ, ಹನ್ನೊಂದು. ರಾಶಿಯ ಆಚೆ ಬದಿಯಲ್ಲಿ ನೀಲಿ ಬಟ್ಟೆ.

ನಾನು ಅವಳ ಬೆನ್ನಿಗೆ ಹೊಡೆದೆ. ನಿಜವಾಗಿಯೂ ಹೊಡೆದೆ, ಎರಡು ಸಲ. "ಫೋನ್ ಯಾಕೆ ಆಫ್ ಮಾಡ್ದೆ? ಯಾಕೆ ಆಫ್ ಮಾಡ್ದೆ? ನನ್ ಪ್ರಾಣ ತೆಗಿಯೋಕೆ ಹುಟ್ಟಿದ್ಯಾ?" ಎಂದು ಕೂಗುತ್ತಾ, ಅಲ್ಲೇ ರಾಶಿಯ ಮೇಲೆ ಕುಸಿದೆ. ತಮ್ಮ ಮಿಷನ್ ನಿಲ್ಲಿಸಿ ಓಡಿಬಂದ.

"ಏನಕ್ಕಾ ಇದು? ಚಪ್ಪಲಿ ಯಾರ್ದು?"

ಆದದ್ದನ್ನೆಲ್ಲ ಹೇಳಿದೆ. ಅಧ್ಯಕ್ಷೆ ನನ್ನ ಮುಖ ನೋಡಿದಳು, ಆಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ನಗು ತಡೆಯಲಾಗಲಿಲ್ಲ ಅವಳಿಗೆ. ಒಬ್ಬರಾದ ಮೇಲೆ ಒಬ್ಬರು ಎಲ್ಲರೂ ನಗತೊಡಗಿದರು.

"ಮಕ್ಚಿಕ್, ಅದು ನಮ್ಮ ಪದ್ಧತಿ," ಎಂದಳು ಅಧ್ಯಕ್ಷೆ. ಹಬ್ಬಕ್ಕೆ ಕೇಳುತ್ತಾರಂತೆ, ದೂರ ಹೋಗುವಾಗ ಕೇಳುತ್ತಾರಂತೆ, ಪರೀಕ್ಷೆಗೆ ಮುಂಚೆ ಕೇಳುತ್ತಾರಂತೆ. ಅಪ್ಪ ಅಮ್ಮನನ್ನು, ಮೇಷ್ಟರನ್ನು, ಯಾರ ಮನೆಯಲ್ಲಿ ಉಂಡಿದ್ದೇವೋ ಅವರನ್ನು. ಮನಸ್ಸು ಹಗುರ ಮಾಡಿಕೊಂಡು ಪರೀಕ್ಷೆಗೆ ಕೂರಬೇಕಂತೆ. "ನಾವೂ ನಾಳೆ ನಿಮ್ಮನ್ನ ಕೇಳೋರಿದ್ವಿ! ಇವಳು ನಮಗೆಲ್ಲ ನಿನ್ನೇನೇ ಕೇಳಿದ್ಲು. ರೂಮು ಗುಡಿಸೋದೂ ಅಷ್ಟೆ, ಪರೀಕ್ಷೆಗೆ ಮುಂಚೆ ನಮ್ಮಮ್ಮಂದಿರು ಮಾಡಿಸ್ತಾರೆ."

"ನಿಂದು ಬರೇ ಹೆದ್ರಿಕೆ ಕಣಕ್ಕ," ಎಂದ ತಮ್ಮ. "ಪಾಪ ಮಕ್ಳನ್ನ ಹೆದರಿಸ್ಬುಟ್ಟೆ. ನೀರು ಕುಡಿ." ಅವನ ಹೆಂಡತಿ ಬಂದು ನನ್ನ ಪಾದ ನೋಡಿ ನಕ್ಕಳು. ನಾನೂ ನಕ್ಕೆ. ನಾಚಿಕೆಯಿಂದ ಎಲ್ಲಿ ಮುಖ ಇಟ್ಟುಕೊಳ್ಳುವುದೋ ಗೊತ್ತಾಗಲಿಲ್ಲ. ಚಿಕ್ಕವಳು ನಗಲಿಲ್ಲ. ಹೊಡೆಸಿಕೊಂಡಿದ್ದಾಳೆ, ನೊಂದಿರಬೇಕು ಅಂದುಕೊಂಡೆ.

ನಾಲ್ಕು ಗಂಟೆಯ ಬಸ್ಸಿಗೆ ಎಲ್ಲರೂ ಹೊರಟೆವು, ಎರಡು ಮೂಟೆ ಕಡಲೆಕಾಯಿ ಸಮೇತ. ಸಂಘದವರು ಹಿಂದಿನ ಸೀಟುಗಳಲ್ಲಿ ಕೂತು ಅವರ ಭಾಷೆಯ ಹಾಡು ಹೇಳುತ್ತಿದ್ದರು. ಹೊಡೆದದ್ದಕ್ಕೆ ಸಮಾಧಾನ ಮಾಡೋಣ ಎಂದು ನಾನು ಚಿಕ್ಕವಳನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಪಾವಗಡ ದಾಟಿತು. ಆಮೇಲೆ ಮುಂದಿನ ಸೀಟಿನ ಕಂಬಿ ನೋಡುತ್ತಾ ಹೇಳಿದಳು.

"ಪರೀಕ್ಷೆ ಅವ್ರಿಗೆ, ಮಕ್ಚಿಕ್. ನಂಗಿಲ್ಲ."

"ನಿಂಗ್ಯಾಕಿಲ್ಲ?"

"ನನ್ ಹೆಸರು ಲಿಸ್ಟಲ್ಲಿ ಇಲ್ಲ. ಅಟೆಂಡೆನ್ಸ್ ಇಲ್ಲ. ಎರಡು ತಿಂಗಳು ಕಾಲೇಜಿಗೆ ಹೋಗಿಲ್ಲ ನಾನು."

ಮೊದಲನೆಯ ವರ್ಷದ ಒಂದು ವಿಷಯದಲ್ಲಿ ಎರಡು ಸಲ ಫೇಲಾಗಿದ್ದಳಂತೆ. ಆಮೇಲೆ ತರಗತಿಯೊಳಗೆ ಕಾಲಿಡಲು ಹೆದರಿಕೆ. ದಿನಾ ಬೆಳಗ್ಗೆ ಎಲ್ಲರ ಜೊತೆ ಬ್ಯಾಗು ಹಾಕಿಕೊಂಡು ಹೊರಟು, ಏನೋ ಮರೆತೆ ಎಂದು ಹಿಂದುಳಿದು, ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಸಂಜೆಯವರೆಗೆ ಕೂರುತ್ತಿದ್ದಳಂತೆ. ಕಂಟ್ರೋಲರ್ ಯಾರನ್ನೋ ನೋಡಿ ಯಾರನ್ನೋ ಹೇಳಿರಲಿಲ್ಲ. ಸಂಘದಲ್ಲಿ ಯಾರಿಗೂ ಅವಳು ಇದನ್ನು ಹೇಳಿರಲಿಲ್ಲ. ಹನ್ನೊಂದು ಜನ ಒಂದೇ ವಿಮಾನದಲ್ಲಿ ಬಂದವರು, ಒಟ್ಟಿಗೇ ವಾಪಸ್ಸು ಹೋಗುತ್ತೇವೆ ಅಂತ ಪ್ರತಿ ಭಾನುವಾರ ಹೇಳಿಕೊಳ್ಳುವವರು. ಮಲೇಷ್ಯಾದವರೇ ಹೀಗೆ ಅಂತ ಕಾಲೇಜಿನವರು ಒಬ್ಬಳನ್ನು ನೋಡಿ ಎಲ್ಲರಿಗೂ ಅಂದರೆ? ಅದಕ್ಕೆ ಹೇಳಲಿಲ್ಲವಂತೆ.

ಕೇಳಬೇಕಾದದ್ದನ್ನು ಕೇಳಲು ಧೈರ್ಯ ಸಾಲದೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತೆ. ಆಮೇಲೆ ಕೇಳಿಯೇಬಿಟ್ಟೆ.

"ಮತ್ತೆ ಬೆಳಗ್ಗೆ ನನ್ನ ಕೈ ಹಿಡ್ಕಂಡು ಕೇಳಿದ್ದು? ಸಾಯ್ಬೇಕು ಅಂತ ಇತ್ತಾ ಮನಸ್ಸಲ್ಲಿ?"

ತಲೆ ಆಡಿಸಿದಳು. ಹೌದು ಅಂತ.

ಹಿಂದೆ ಹಾಡು ನಡೆಯುತ್ತಲೇ ಇತ್ತು. ಪದ್ಧತಿ ಗೊತ್ತಿದ್ದ ಹತ್ತು ಜನ ನಿನ್ನೆ ಅವಳನ್ನು ತಬ್ಬಿಕೊಂಡು ಕ್ಷಮಿಸಿದ್ದರು. ಯಾರಿಗೂ ಏನೂ ಅನ್ನಿಸಿರಲಿಲ್ಲ. ಬೆಳಗ್ಗೆ ಬಂದ ಭಯ ಸುಳ್ಳಾಯಿತಲ್ಲ ಎಂದು ಒಂದು ಗಂಟೆ ನಕ್ಕಿದ್ದೆ. ಈಗ ಅದು ಎರಡರಷ್ಟಾಗಿ ವಾಪಸ್ಸು ಬಂತು. ಎರಡೂ ಕೈಯಲ್ಲಿ ಅವಳ ಮಣಿಕಟ್ಟು ಹಿಡಿದುಕೊಂಡೆ.

"ಮತ್ತೆ ಕಲ್ಯಾಣದುರ್ಗಕ್ಕೆ ಯಾಕೆ ಬಂದೆ?"

"ನೀವು ಎಲ್ಲಿಗೆ ಅಂತ ಕೇಳಿದ್ರಿ. ನಾನು ಬಾಯಿಗೆ ಬಂದಿದ್ದು ಹೇಳ್ದೆ." ಮೂಗು ಒರೆಸಿಕೊಂಡಳು. "ಬಸ್ ಸ್ಟ್ಯಾಂಡಲ್ಲಿ ಕೂತ್ಕೊಂಡು ಯೋಚ್ನೆ ಮಾಡ್ದೆ. ಈಗ ತಾನೇ ಎಲ್ಲಾ ತಪ್ಪಿಗೂ ಕ್ಷಮೆ ಕೇಳಿ ಬಂದಿದೀನಿ. ಕಲ್ಯಾಣದುರ್ಗಕ್ಕೆ ಹೋಗ್ಲಿಲ್ಲ ಅಂದ್ರೆ ಅದೊಂದು ಹೊಸ ಸುಳ್ಳು. ಅದಕ್ಕೆ ಯಾರ ಹತ್ರ ಕ್ಷಮೆ ಕೇಳೋದು? ಅದಕ್ಕೇ ಬಸ್ ಹತ್ತಿದೆ."

ಯಾವ ದೇವರಿಗೆ ಕೈ ಮುಗಿಯಲಿ? ನಮ್ಮವನಿಗೋ ಅವರವನಿಗೋ? ನಾನು ಎಲ್ಲಿಗೆ ಅಂತ ಕೇಳಿದ್ದು ಬರೀ ಬಾಯಿಚಟಕ್ಕೆ. ಹೊಸ್ತಿಲು ದಾಟುವ ಬೆಕ್ಕನ್ನೂ ಕೇಳುವವಳು ನಾನು.

"ನೋಡು," ಎಂದೆ. ಶಾಲೆಯಲ್ಲಿ ಆಡುವ ದನಿ ತಂದುಕೊಂಡೆ. "ಸೋಮವಾರ ನಾನೂ ನೀನೂ ಕಾಲೇಜಿಗೆ ಹೋಗೋಣ. ನಾಳೇನೇ ಡಾಕ್ಟರನ್ನ ನೋಡೋಣ. ನಿಮ್ ಸಂಘದವ್ರಿಗೆ ಯಾವಾಗ ಹೇಳ್ತೀಯೋ ನಿನ್ನಿಷ್ಟ. ಆದ್ರೆ ನಿಮ್ಮಮ್ಮಂಗೆ ಇವತ್ತು ಹೇಳ್ಬೇಕು. ಇವತ್ತೇ. ನಾನು ಪಕ್ಕದಲ್ಲೇ ಕೂತ್ಕತೀನಿ."

"ಬೇಡ ಮಕ್ಚಿಕ್."

"ಬೇಡ ಗೀಡ ಇಲ್ಲ. ನಾನು ಹೆದರುಪುಕ್ಕಲಿ ಕಣಮ್ಮ. ಇಷ್ಟು ದೊಡ್ಡದನ್ನ ನಾನೊಬ್ಬಳೇ ಹೊರೋಕಾಗಲ್ಲ."

ಹಿಂದೂಪುರ ಸೇರಿದಾಗ ಏಳೂವರೆ. ಅವಳನ್ನು ಮೇಲಕ್ಕೆ ಕಳಿಸಲಿಲ್ಲ. ನನ್ನ ಜೊತೆ ಅಡುಗೆಮನೆಯಲ್ಲೇ ಕೂರಿಸಿಕೊಂಡೆ. ಯಜಮಾನರು ನನ್ನ ಮುಖ ನೋಡಿದವರೇ ತಮಾಷೆ ನುಂಗಿಕೊಂಡು ಆಚೆ ಹೋಗಿ ಜಗುಲಿಯ ಮೇಲೆ ಕೂತರು. ಅವಳು ತನ್ನ ಫೋನಿನಲ್ಲಿ ವಿಡಿಯೋ ಹಚ್ಚಿದಳು. ಪರದೆಯ ಮೇಲೆ ಒಬ್ಬ ಹೆಂಗಸು ಬಂದಳು, ನನ್ನ ವಯಸ್ಸಿನವಳೇ, ಅದೇ ದುಂಡು ಮುಖ, ಹಿಂದೆ ಫ್ಯಾನು ತಿರುಗುತ್ತಿತ್ತು. ಮಗಳ ಪಕ್ಕದಲ್ಲಿ ನನ್ನನ್ನು ನೋಡಿದ್ದೇ ಅವಳ ನಗು ಮಾಯವಾಯಿತು. ಆ ಮುಖ ನನಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದಾಗ ನನ್ನದೂ ಹಾಗೇ ಆಗುತ್ತದೆ.

"ಹೇಳು," ಎಂದೆ. "ನಾನು ಹೇಳ್ದಂಗೆ ನಿಮ್ ಭಾಷೇಲಿ ಹೇಳು. ಅಮ್ಮ, ನಾನು ಫೇಲಾದೆ."

ಹೇಳಿದಳು.

"ಕಾಲೇಜಿಗೆ ಹೋಗ್ತಾ ಇಲ್ಲ."

ಹೇಳಿದಳು. ಆ ಹೆಂಗಸು ಫೋನಿಗೆ ಇನ್ನೂ ಹತ್ತಿರ ಬಂದಳು.

"ಇವತ್ತು ಬೆಳಗ್ಗೆ ಸಾಯ್ಬೇಕು ಅಂತ ಮನೆಯಿಂದ ಹೊರಟಿದ್ದೆ."

ಅದನ್ನು ಹೇಳಲು ಅವಳಿಗೆ ತುಂಬಾ ಹೊತ್ತು ಹಿಡಿಯಿತು. ಎರಡು ಸಲ ಶುರು ಮಾಡಿ ನಿಲ್ಲಿಸಿದಳು. ಮೂರನೆಯ ಸಲ ಹೇಳಿದಳು. ನಾನು ಅವಳ ಕೈ ಬಿಡಲಿಲ್ಲ.

ಪರದೆಯಲ್ಲಿ ಆ ಹೆಂಗಸು ಎದ್ದು ನಿಂತಳು, ಕೂತಳು. ಆಮೇಲೆ ಬೈಯಲು ಶುರು ಮಾಡಿದಳು ನೋಡಿ! ಒಂದೇ ಉಸಿರಿಗೆ, ಅಳುತ್ತಾ, ಎದೆ ಬಡಿದುಕೊಳ್ಳುತ್ತಾ. ಒಂದು ಪದವೂ ನನಗೆ ತಿಳಿಯದು.

"ಏನಂತಾರೆ?" ಎಂದೆ.

"ಬೈತಾ ಇದಾರೆ," ಎಂದಳು ಹುಡುಗಿ. ಅವಳ ಕನ್ನಡಕದ ಕೆಳಗಿಂದ ನೀರು ಸುರಿಯುತ್ತಿತ್ತು. "ನಮಗೆ ನೀನು ಬೇಕಾ, ಪರೀಕ್ಷೆ ಬೇಕಾ ಅಂತ ಒಂದ್ಸಲನಾದ್ರೂ ಕೇಳಿದ್ಯಾ, ಅಂತ ಬೈತಾ ಇದಾರೆ."

"ಸರಿಯಾಗಿ ಕೇಳಿದ್ರು!" ಎಂದೆ. ನನಗೂ ಬೆಳಗಿನಿಂದ ಹಿಡಿದಿಟ್ಟದ್ದೆಲ್ಲ ಒಮ್ಮೆಗೇ ನುಗ್ಗಿ ಬಂತು. ಫೋನ್ ಕಿತ್ತುಕೊಂಡು ಕನ್ನಡದಲ್ಲೇ ನಾನೂ ಬೈಯತೊಡಗಿದೆ. ಬೈಯಿರಿ ಅಮ್ಮ, ಇನ್ನೂ ಬೈಯಿರಿ, ಇವತ್ತು ನನ್ನ ಅರ್ಧ ಆಯಸ್ಸು ತೆಗೆದಳು ನಿಮ್ಮ ಮಗಳು ಎಂದೆ. ಆ ಕಡೆಯಿಂದ ಅವಳು, ಈ ಕಡೆಯಿಂದ ನಾನು. ಇಬ್ಬರೂ ಅಳುತ್ತಿದ್ದೆವು, ಇಬ್ಬರೂ ನಿಲ್ಲಿಸಲಿಲ್ಲ. ಹುಡುಗಿ ಯಾವ ಮಾತನ್ನೂ ಯಾರಿಗೂ ತಿಳಿಸಿ ಹೇಳಲು ಹೋಗಲಿಲ್ಲ. ನನ್ನ ತೊಡೆಯ ಮೇಲೆ ತಲೆ ಇಟ್ಟು, ಇಬ್ಬರ ಬೈಗುಳವನ್ನೂ ಕೇಳುತ್ತಾ ಮಲಗಿದಳು.